ತೆಲೇಸಿಯಾಳ ಇಬ್ಬರು ಹೆಣ್ಣುಮಕ್ಕಳು

ಮೋಯೆಲಾಂಗಿಯ ಕೈಗುಣ ಚೆನ್ನಾಗಿದೆ ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಿದ್ದರು. ನ್ಯೂಜಿಲೆಂಡಿನವರು ಸಮೋವಾದವರಿಗಾಗಿ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರಲ್ಲ, ಅದಕ್ಕೆ ಅವಳು ಅರ್ಜಿ ತುಂಬಿಕೊಟ್ಟವರಲ್ಲಿ ಹನ್ನೊಂದು ಮನೆಯವರು ಈಗ ಆಕ್ಲೆಂಡಿನಲ್ಲಿದ್ದಾರೆ. ಚೀಟಿಯಲ್ಲಿ ಹೆಸರು ಬಂದರೆ ಅಲ್ಲೊಂದು ಕೆಲಸ ಗೊತ್ತು ಮಾಡಿಕೊಂಡು ಗಂಡ, ಹೆಂಡತಿ, ಮಕ್ಕಳ ಸಮೇತ ಹೋಗಿ ನೆಲೆಸಬಹುದು. ಬಾರದಿದ್ದರೆ ಮುಂದಿನ ವರ್ಷ. ಲಾಂಗಿ ತನ್ನ ಹೆಸರಿನಲ್ಲಿ ಹಾಕಿದ ಐದು ಅರ್ಜಿಗೂ ಮುಂದಿನ ವರ್ಷವೇ ಗತಿಯಾಗಿತ್ತು. ಊರವರಿಗೆಲ್ಲ ಮದುವೆ ಮಾಡಿಸಿದ ದಲ್ಲಾಳಿ ತಾನು ಮಾತ್ರ ಬ್ರಹ್ಮಚಾರಿಯಾಗಿ ಉಳಿದಂತೆ.

ಮೊದಲ ಸಲ ಅರ್ಜಿ ಹಾಕಿದಾಗ ಅವಳಿಗೆ ಹದಿನೆಂಟು. ಈಗ ಇಪ್ಪತ್ಮೂರು, ಕೈಯಲ್ಲಿ ವಾಣಿಜ್ಯದ ಪದವಿ. ಆ ಪದವಿ ಹಿಡಿದುಕೊಂಡು ಮಾಡುವುದೇನು? ಬೆಳಗ್ಗೆ ಐದೂವರೆಯ ಬಸ್ಸಿಗೆ ರಾಜಧಾನಿ ಅಪಿಯಾಕ್ಕೆ ಹೋಗಿ, ಸೂಪರ್‌ಮಾರ್ಕೆಟ್ಟಿನ ಗಲ್ಲೆಯ ಹಿಂದೆ ನಿಂತು ಡಬ್ಬಿಮೀನು, ಬಿಸ್ಕತ್ತುಗಳನ್ನು ಬೆಲೆ ಓದುವ ಯಂತ್ರಕ್ಕೆ ತೋರಿಸುವುದು. ಸಂಜೆ ಕಾಲು ಊದಿಸಿಕೊಂಡು ಬಂದರೆ ಮನೆ ಮುಂದೆ ಯಾರಾದರೂ ಕೆಸವಿನ ಗಡ್ಡೆಯ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದರು. "ಲಾಂಗಿ, ನಮ್ಮದೊಂದು ಅರ್ಜಿ ತುಂಬಿಕೊಡೇ ತಾಯಿ, ನಿನ್ನ ಕೈಯಿಂದಾನೇ ಆಗ್ಬೇಕು." ಅವಳು ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎನ್ನುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ!

ಈ ವರ್ಷ ಅವಳು ತನ್ನ ಅಮ್ಮ ತೆಲೇಸಿಯಾಳ ಹೆಸರಿನಲ್ಲೂ ಒಂದು ಅರ್ಜಿ ಹಾಕಿದಳು. ನಲವತ್ತೈದು ದಾಟಿದವರ ಅರ್ಜಿ ತೆಗೆದುಕೊಳ್ಳುವುದಿಲ್ಲ, ತೆಲೇಸಿಯಾಳಿಗೆ ಇದೇ ಕೊನೆಯ ಸಲ. ಭಾನುವಾರ ಚರ್ಚು ಮುಗಿಸಿ, ಊಟ ಮುಗಿಸಿ, ಚಾಪೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಗ ಕೆಲಸ ಶುರುವಾಯಿತು.

"ಗಂಡ?" ಲಾಂಗಿ ಫೋನು ನೋಡುತ್ತಲೇ ಕೇಳಿದಳು.

"ಸತ್ತ ಅಂತ ಬರಿ. ಬದುಕಿದ್ದಾಗ್ಲೂ ಏನ್ ಕಡಿದು ಕಟ್ಟೆ ಹಾಕಿರ್ಲಿಲ್ಲ."

"ಮಕ್ಕಳು?"

"ಇದೇನೇ ಕೇಳೋದು, ನಿನಗ್ಗೊತ್ತಿಲ್ವಾ? ನೀನು, ಪೆಪೆ."

ಲಾಂಗಿ ಬರೆದಳು. ಮೊದಲು ತನ್ನ ಹೆಸರು, ಆಮೇಲೆ ಹದಿಮೂರು ವರ್ಷದ ಪೆಪೆಯ ಹೆಸರು. ಇಪ್ಪತ್ನಾಲ್ಕರ ಒಳಗಿನ, ಮದುವೆಯಾಗದ ಮಕ್ಕಳು ತಾಯಿಯ ಜೊತೆ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಎರಡು ಚೀಟಿಯಲ್ಲಿ ಯಾವುದಾದರೂ ಒಂದು ಬರಲಿ ಎಂದುಕೊಂಡಳು.

ತೆಲೇಸಿಯಾಳ ಚೀಟಿ ಬಂತು!

ಆ ದಿನದ ಸಂಭ್ರಮ ಏನು ಕೇಳುತ್ತೀರಿ. ತೆಲೇಸಿಯಾ ಪಾತ್ರೆ ಬಡಿದುಕೊಂಡು ಮನೆ ಸುತ್ತ ಕುಣಿದಳು, ಪೆಪೆ ಅವಳ ಹಿಂದೆ ಕುಣಿದಳು, ಪಕ್ಕದ ಮನೆಯ ಯಜಮಾನ ಫಾಲಾನಿಕೋ ಹಂದಿಮರಿಯೊಂದನ್ನು ಕೊಟ್ಟೇಬಿಟ್ಟ. ಲಾಂಗಿ ಮಾತ್ರ ಗೋಡೆಗೊರಗಿ ಕೂತು ಅತ್ತಳು. ಐದು ವರ್ಷದ ಆಯಾಸ ಒಟ್ಟಿಗೇ ಇಳಿದುಹೋದಂತಾಗಿತ್ತು. ಆಕ್ಲೆಂಡಿನಲ್ಲಿದ್ದ ತೆಲೇಸಿಯಾಳ ತಮ್ಮ ವೃದ್ಧಾಶ್ರಮವೊಂದರಲ್ಲಿ ಅಕ್ಕನಿಗೆ ಕೆಲಸ ಗೊತ್ತುಮಾಡಿದ. ದಾಖಲೆಗಳನ್ನು ಕಳಿಸಿಯೂ ಆಯಿತು.

ಮೂರು ವಾರಕ್ಕೆ ವೀಸಾ ಕಚೇರಿಯಿಂದ ಪತ್ರ ಬಂತು. ಮೋಯೆಲಾಂಗಿಯ ಜನನ ಪತ್ರದಲ್ಲಿ ತಾಯಿಯ ಹೆಸರು ರೂತಾ ಎಂದಿದೆ, ತೆಲೇಸಿಯಾ ಎಂದಿಲ್ಲ. ದತ್ತು ತೆಗೆದುಕೊಂಡಿದ್ದರೆ ನ್ಯಾಯಾಲಯದ ಆದೇಶ ಕಳಿಸಿ. ಇಲ್ಲದಿದ್ದರೆ ಇವಳನ್ನು ಮಗಳೆಂದು ಯಾಕೆ ಬರೆದಿರಿ, ತಿಳಿಸಿ. ಸುಳ್ಳು ಮಾಹಿತಿ ಎಂದು ಕಂಡುಬಂದರೆ ಇಡೀ ಅರ್ಜಿಯೇ ತಿರಸ್ಕೃತವಾಗಬಹುದು.

ರೂತಾ ಎಂದರೆ ತೆಲೇಸಿಯಾಳ ಅಕ್ಕ, ಸವಾಯಿ ದ್ವೀಪದಲ್ಲಿದ್ದಾಳೆ. ಎಂಟು ಮಕ್ಕಳ ತಾಯಿ. ಮದುವೆಯಾಗಿ ನಾಲ್ಕು ವರ್ಷವಾದರೂ ತಂಗಿಯ ಮಡಿಲು ತುಂಬದ್ದನ್ನು ನೋಡಿ, ತನ್ನ ನಾಲ್ಕನೆಯ ಕೂಸನ್ನು ಹಾಲು ಬಿಡಿಸಿದ ತಿಂಗಳೇ ತಂದುಕೊಟ್ಟಿದ್ದಳು. "ತಗೋ, ಇದು ನಿಂದು" ಎಂದಳು, ಮುಗಿಯಿತು. ನಮ್ಮಲ್ಲಿ ಅಷ್ಟೇ. ಅಕ್ಕ ತಂಗಿಗೆ ಮಗು ಕೊಡುವುದಕ್ಕೆ ಕೋರ್ಟು ಯಾಕೆ, ಕಾಗದ ಯಾಕೆ? ತೆಲೇಸಿಯಾ ಪೆಪೆಯನ್ನು ಹೆತ್ತದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಪದವಿ ಓದಿದ ಲಾಂಗಿ, ಊರಿಗೆಲ್ಲ ಅರ್ಜಿ ತುಂಬಿ ಪಳಗಿದ ಲಾಂಗಿ, ಹೆತ್ತವಳು ರೂತಾ ಎಂದು ಗೊತ್ತಿದ್ದರೂ, ತಾನು ಬರೆದದ್ದು ಸುಳ್ಳಾಗಬಹುದೆಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಬೇರೆ ಯಾರ ಅರ್ಜಿಯಲ್ಲಾದರೂ ಅವಳು ಜನನ ಪತ್ರ ತರಿಸಿ ನೋಡಿಯೇ ಬರೆಯುತ್ತಿದ್ದಳು. ತನ್ನಮ್ಮ ಯಾರೆಂದು ಕಾಗದ ನೋಡಿ ತಿಳಿಯುವುದೇನಿದೆ!

ಫಾಲಾನಿಕೋ ಬಂದು ಕೂತ. "ಈಗ್ಲೇ ಕೋರ್ಟಿಗೆ ಹೋಗಿ ದತ್ತು ಮಾಡ್ಕೊಂಡ್ಬಿಡಿ. ಏನ್ ಮಹಾ?"

"ಇಪ್ಪತ್ಮೂರು ವರ್ಷದ ಕೋಣನ್ನ ಯಾವ ಕೋರ್ಟು ದತ್ತು ಕೊಡುತ್ತೆ, ಮಾವ? ಆ ವಯಸ್ಸು ಯಾವತ್ತೋ ಮುಗೀತು," ಎಂದಳು ಲಾಂಗಿ.

"ಹಂಗಾದ್ರೆ?"

"ಹಂಗಾದ್ರೆ, ಅವಳು ನನ್ನ ಮಗಳಲ್ಲ, ಅಕ್ಕನ ಮಗಳು, ತಿಳೀದೆ ಬರ್ದಿದೀವಿ, ಅವಳ ಹೆಸರು ತೆಗೀರಿ ಅಂತ ಅಮ್ಮ ಪ್ರಮಾಣ ಮಾಡಿ ಬರ್ಕೊಡ್ಬೇಕು. ಆಗ ಅಮ್ಮ, ಪೆಪೆ ಇಬ್ರಾದ್ರೂ ಹೋಗ್ಬಹುದು."

ತೆಲೇಸಿಯಾ ಹೆಣೆಯುತ್ತಿದ್ದ ಚಾಪೆಯನ್ನು ಆಚೆ ತಳ್ಳಿದಳು. "ನನ್ನ ನಾಲಿಗೆ ಬಿದ್ದುಹೋಗ್ಲಿ, ನಾನು ಹೇಳಲ್ಲ."

"ಅಮ್ಮಾ, ಪೆಪೆ ಓದು..."

"ಪೆಪೆ ಇಲ್ಲೇ ಓದ್ತಾಳೆ. ನನಗೇನು ಆಕ್ಲೆಂಡ್ ಮೇಲೆ ಆಸೆನಾ? ಆ ಚಳಿಯಲ್ಲಿ ಮುದುಕರ ಕುಂಡೆ ತೊಳಿಯೋಕೆ? ನಿನಗೋಸ್ಕರ ಕಣೇ ಹೂಂ ಅಂದಿದ್ದು!"

ಪೆಪೆ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕುಣಿದದ್ದಕ್ಕೇ ನಾಚಿಕೆಯಾದವಳಂತೆ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ದಿನ ಅಕ್ಕನ ಪಕ್ಕ ಬಂದು, "ನನಗೆ ಹೋಗೋದೇ ಬೇಡ ಅಕ್ಕಾ" ಎಂದಳು. ಸುಳ್ಳು ಹೇಳುವುದಕ್ಕೆ ಅವಳಿಗಿನ್ನೂ ಬರುತ್ತಿರಲಿಲ್ಲ.

ಲಾಂಗಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮ್ಮನ ಮೇಲೆ ಸಿಟ್ಟು, ರೂತಾಳ ಮೇಲೆ ಸಿಟ್ಟು, ತನ್ನ ಕೈಯ ಮೇಲೆ ಸಿಟ್ಟು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಅಮ್ಮ ಹಟ ಬಿಡದಿರಲಿ ಎಂದು ಒಳಗೊಳಗೇ ಆಸೆಯೂ ಇತ್ತು. ತಾನು ಹೋಗದಿದ್ದ ಮೇಲೆ ಯಾರೂ ಹೋಗುವುದು ಬೇಡ. ಆ ಯೋಚನೆಗೆ ಅವಳಿಗೇ ಹೇಸಿಗೆಯಾಯಿತು. ಬಸ್ಸಿನಲ್ಲಿ, ಗಲ್ಲೆಯ ಹಿಂದೆ, ಸ್ನಾನದ ನೀರು ಸುರಿದುಕೊಳ್ಳುವಾಗ ಅದೇ ಯೋಚನೆ. ಕೊನೆಗೆ ಯೋಚಿಸಿ ಯೋಚಿಸಿ ಸಾಕಾಗಿ, ಗಲ್ಲೆಯ ರಸೀತಿ ಕಾಗದದ ಹಿಂಭಾಗದಲ್ಲೇ ಅಮ್ಮನ ಪರವಾಗಿ ಆ ಪ್ರಮಾಣಪತ್ರ ಬರೆದಳು. ಇಂಗ್ಲಿಷಿನಲ್ಲಿ, ಒಂದು ತಪ್ಪಿಲ್ಲದಂತೆ. ಮೋಯೆಲಾಂಗಿ ನಾನು ಹೆತ್ತ ಮಗಳಲ್ಲ. ಕಾನೂನಿನ ಪ್ರಕಾರವೂ ಮಗಳಲ್ಲ.

"ನಂಗೆ ಸಾಕಾಗಿದೆ ಅಮ್ಮ," ಎಂದಳು ಮನೆಗೆ ಬಂದು. "ನೀನು ಹೋಗ್ಲಿಲ್ಲ ಅಂದ್ರೆ ದಿನಾ ಪೆಪೆ ಮುಖ ನೋಡ್ಬೇಕು ನಾನು. ಅದು ನನ್ ಕೈಲಾಗಲ್ಲ. ನನ್ನದೊಂದು ಅರ್ಜಿ ಇದ್ದೇ ಇರುತ್ತೆ, ಹಾಕ್ತಾ ಇರ್ತೀನಿ. ನಡಿ."

ತೆಲೇಸಿಯಾ ಎದ್ದು ಚರ್ಚಿನ ಬಿಳಿ ಉಡುಪು ಹಾಕಿಕೊಂಡಳು.

ಅಪಿಯಾದ ಆ ಕಚೇರಿಯಲ್ಲಿ ಪ್ರಮಾಣ ಮಾಡಿಸುವ ಅಧಿಕಾರಿ ವಯಸ್ಸಾದವನು, ನಮ್ಮವನೇ. ಎದುರಿನ ಕುರ್ಚಿಯಲ್ಲಿ ತೆಲೇಸಿಯಾ, ಗೋಡೆಯ ಬೆಂಚಿನಲ್ಲಿ ಲಾಂಗಿ. ಅವನು ಪ್ರತಿ ಸಾಲನ್ನೂ ನಮ್ಮ ಭಾಷೆಗೆ ತಿರುಗಿಸಿ ಕೇಳುತ್ತ ಹೋದ.

"ಇವಳನ್ನ ನೀವು ಹೆತ್ತಿದ್ದಾ?"

"ಇಲ್ಲ."

"ಕೋರ್ಟಿಂದ ದತ್ತು ತಗೊಂಡಿದ್ದಾ?"

"ಇಲ್ಲ."

"ಅಂದ್ರೆ ಇವಳು ನಿಮ್ಮ ಮಗಳಲ್ಲ."

ಅಧಿಕಾರಿ ಇನ್ನೊಮ್ಮೆ ಕೇಳಿದ. ಫ್ಯಾನು ತಿರುಗುತ್ತಿತ್ತು, ಬಾಗಿಲ ಹೊರಗೆ ಜನ ಕಾಯುತ್ತಿದ್ದರು. ತೆಲೇಸಿಯಾ ಬೈಬಲಿನ ಮೇಲಿಟ್ಟ ಕೈ ತೆಗೆಯದೆ ಕುತ್ತಿಗೆ ತಿರುಗಿಸಿ ಬೆಂಚಿನ ಕಡೆ ನೋಡಿದಳು.

"ಅಲ್ಲ ಅನ್ನು, ಅಮ್ಮ," ಎಂದಳು ಲಾಂಗಿ. "ಅಷ್ಟೇ, ಮುಗೀತು. ಅನ್ನು, ಅಮ್ಮ."

"ಅಲ್ಲ," ಎಂದಳು ತೆಲೇಸಿಯಾ.

ಅಧಿಕಾರಿ ಪೆನ್ನು ಕೆಳಗಿಟ್ಟು ಕನ್ನಡಕದ ಮೇಲಿಂದ ಲಾಂಗಿಯನ್ನು ನೋಡಿದ. ಕೆಟ್ಟವನೇನಲ್ಲ, ಅವನಿಗೂ ದಣಿವಾಗಿತ್ತು. "ಈ ಕೋಣೇಲಿ ಅವರನ್ನ ಹಂಗೆ ಕರೀಬೇಡ ಮಗಳೇ," ಎಂದ ಮೆಲ್ಲಗೆ. "ಸೀಲ್ ಒತ್ತೋವರ್ಗಾದ್ರೂ."

ಅವನು ಡ್ರಾಯರಿನಲ್ಲಿ ಸೀಲು ಹುಡುಕುತ್ತಿದ್ದ. ಲಾಂಗಿ ಎರಡು ಕೈಯನ್ನೂ ಮಂಡಿಯ ನಡುವೆ ಅದುಮಿಕೊಂಡು, ತೆಲೇಸಿಯಾಳನ್ನು ಏನೆಂದೂ ಕರೆಯದೆ ಕೂತಿದ್ದಳು.