ಮಾವನ ಟ್ರ್ಯಾಕ್ಟರು ಮುನಿಸಿಕೊಂಡದ್ದು

ನಮ್ಮ ಮನೆಯ ಗೇಟಿಗೆ ಇವತ್ತು ಬಣ್ಣ ಹೊಡೆಯುತ್ತಿದ್ದಾರೆ. ಎನಾಮಲ್ ವಾಸನೆಗೆ ಹೆಂಡತಿ ಸೀನುತ್ತಾಳೆ. ನನಗೆ ಕೊಡಿಗೇಹಳ್ಳಿಯ ಸೋದರಮಾವನ ನೆನಪಾಗುತ್ತದೆ. ಒಬ್ಬೊಬ್ಬರ ಮೂಗು ಒಂದೊಂದು ಥರ, ಏನು ಮಾಡೋಣ ಹೇಳಿ.

ಮಾವನ ಹೊಲವೆಲ್ಲ ಲೇಔಟಾಗಿ ಬಹಳ ಕಾಲವಾಗಿತ್ತು. ರಾಗಿ ಬೆಳೆದ ಕಡೆ ಮೂರಂತಸ್ತಿನ ಮನೆಗಳು, ನಡುವೆ ಒಂದು ಶೀಟಿನ ಕೊಟ್ಟಿಗೆ, ಅದರೊಳಗೆ ನನಗಿಂತ ಹಿರಿಯದಾದ ಕೆಂಪು ಟ್ರ್ಯಾಕ್ಟರು. ಉಳಲು ಅಂಗೈಯಗಲ ನೆಲವಿಲ್ಲದಿದ್ದರೂ ಬೆಳಿಗ್ಗೆ ಅದನ್ನೊಮ್ಮೆ ಸ್ಟಾರ್ಟ್ ಮಾಡಿದ ಮೇಲೆಯೇ ಮಾವನಿಗೆ ಕಾಫಿ. ಅಕ್ಕಪಕ್ಕದವರು ಬೈದುಕೊಳ್ಳುತ್ತಲೇ ಅಲಾರಂ ಇಡುವುದನ್ನು ಬಿಟ್ಟಿದ್ದರು.

ಯಶವಂತಪುರಕ್ಕೆ ಮೆಟ್ರೊ ಬಂದ ವರ್ಷ, ಯುಗಾದಿ ಕಳೆದದ್ದೇ ಗಾಡಿ ಕೈಕೊಟ್ಟಿತು. ಸ್ವಿಚ್ಚು ಒತ್ತಿದರೆ 'ಟಕ್' ಎಂದು ಸುಮ್ಮನಾಗುವುದು. ನಾಲ್ಕು ಜನ ತಳ್ಳಿದರೆ ಮಾತ್ರ ಹೊರಡುವುದು. ಅದೇ ಹೊತ್ತಿಗೆ ಏರ್‌ಪೋರ್ಟ್ ರಸ್ತೆಯ ಹೋಟೆಲಿನವರೊಬ್ಬರು ಬಾಗಿಲಲ್ಲಿ ಅಲಂಕಾರಕ್ಕೆ ಹಳೇ ಟ್ರ್ಯಾಕ್ಟರ್ ಹುಡುಕುತ್ತಿದ್ದರು. "ಓಡ್ದೇ ಇದ್ರೂ ಪರ್ವಾಗಿಲ್ಲ ಸರ್, ಫೋಟೊಗೆ ಚೆನ್ನಾಗಿದೆ" ಎಂದರು. ಮಾವನಿಗೆ ರೇಗಿತು.

"ಆಯುಧಪೂಜೆ ದಿನ ಯಾರೂ ತಳ್ದೆ ನಿಂಬೆಅಣ್ಣು ತುಳುದ್ರೆ ಸರಿ. ಇಲ್ದಿದ್ರೆ ತಗಂಡೋಗಿ!"

ಮಾತು ಕೊಟ್ಟದ್ದಾಯಿತು. ಆಮೇಲೆ ಊಟ ಸೇರಲಿಲ್ಲ.

ನನಗೆ ಕರೆ ಬಂತು. ನಾನು ಬ್ಯಾಂಕಿನವನು, ಆದರೆ ನಮ್ಮ ವಂಶದಲ್ಲೇ ಟೆಸ್ಟರ್ ಇಟ್ಟುಕೊಂಡವನು ನಾನೊಬ್ಬನೇ. ಮನೆ ಕರೆಂಟಿನ ಆ ಟೆಸ್ಟರು ಟ್ರ್ಯಾಕ್ಟರಿನ ಬ್ಯಾಟರಿಗೆ ಮಿಣುಕುವುದೂ ಇಲ್ಲವೆಂದು ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಮೇಲೆ ತಿಳಿಯಿತು. ಬ್ಯಾಟರಿಗೆ ಚಾರ್ಜ್ ಹಾಕಿಸಿದೆವು. ಸ್ಟಾರ್ಟರ್ ಮೋಟಾರು ಬಿಚ್ಚಿ ಯಲಹಂಕದಲ್ಲಿ ತೋರಿಸಿದೆವು. ಏನೂ ಆಗಿಲ್ಲ ಎಂದು ಹಿಂದಿರುಗಿಸಿದರು. ತಂದು ಕೂರಿಸಿದರೆ ಮತ್ತದೇ ಟಕ್.

ಹಬ್ಬದ ದಿನ ಹೋಟೆಲಿನವರೂ ಬಂದು ನಿಂತರು. ಮಾವ ಸೀಟಿನಲ್ಲಿ ಕೂತು ಒತ್ತಿಯೇ ಒತ್ತಿದರು. ಇತ್ತ ಬ್ಯಾಟರಿಯ ಹತ್ತಿರ ಕುಂಕುಮ ಇಡುತ್ತಿದ್ದ ಅತ್ತೆ ಥಟ್ಟನೆ ಕೈ ಎಳೆದುಕೊಂಡರು.

"ಇದ್ಯಾಕ್ರೀ ಇಂಗ್ ಸುಡ್ತೈತೆ?"

ಬ್ಯಾಟರಿಯಿಂದ ಗಾಡಿಯ ಕಬ್ಬಿಣಕ್ಕೆ ಬರುವ ಅರ್ತ್ ವೈರಿನ ತುದಿ ಅದು. ನಟ್ಟು ಬಿಚ್ಚಿ ನೋಡಿದೆ. ಅಡಿಯಲ್ಲಿ ಥಳಥಳಿಸುವ ಕೆಂಪು ಬಣ್ಣ! ಯುಗಾದಿಗೆಂದು ಮಾವ ಒಂದು ಬೋಲ್ಟಿನಡಿಯನ್ನೂ ಬಿಡದೆ ಕೈಯಾರೆ ಬಳಿದಿದ್ದರು. ಆ ಬಣ್ಣವೇ ಕರೆಂಟಿಗೆ ಅಡ್ಡ ನಿಂತಿತ್ತು; ದೀಪಕ್ಕಾಗುವಷ್ಟು ಹೇಗೋ ನುಸುಳುತ್ತಿತ್ತು. ಸ್ಟಾರ್ಟರಿಗೆ ಬೇಕಾದಷ್ಟು ದಾಟುತ್ತಿರಲಿಲ್ಲ.

ಮಾವನ ಮುಖ ನೋಡಲಾಗಲಿಲ್ಲ. "ಅಂಗಾರೆ ನಾನೇ ಏನ್ಲಾ ಇದ್ನ ಕಟ್ಟಾಕಿದ್ದು?"

"ಕೆರೀರಿ ಅತ್ಲಾಗೆ. ಅಲ್ಲಿ ಯಾರ್ ನೋಡ್ತಾರೆ?" ಎಂದರು ಅತ್ತೆ.

"ನಂಗ್ ಗೊತ್ತಿರ್ತೈತಲ್ಲ ಕಣೇ."

ಹಾಗೆನ್ನುತ್ತಲೇ ಸ್ಕ್ರೂಡ್ರೈವರ್ ತೆಗೆದುಕೊಂಡು, ಮಗುವಿನ ಗಾಯ ಒರೆಸುವಂತೆ ನಿಧಾನವಾಗಿ, ಬಿಳೀ ಕಬ್ಬಿಣ ಕಾಣುವವರೆಗೆ ಕೆರೆದರು. ವೈರು ಬಿಗಿದು ಒತ್ತಿದರೆ ಒಂದೇ ಏಟಿಗೆ ಸದ್ದು! ನಿಂಬೆಹಣ್ಣು ಪಚಕ್ ಎಂದಿತು. ಮಾವ ಎಲ್ಲರೆದುರೇ ಅತ್ತರು. ಹೋಟೆಲಿನವರು ಪುರಿ ಕಡ್ಲೆ ಪ್ರಸಾದ ತೆಗೆದುಕೊಂಡು ನಗುತ್ತ ಹೋದರು.

ಈಗ ಮಾವನ ಮಂಡಿ ಮಡಚುವುದಿಲ್ಲ, ಗಾಡಿ ಹತ್ತಲಾರರು. ಬೆಳಿಗ್ಗೆ ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತು ಸ್ವಿಚ್ಚು ಒತ್ತುತ್ತಾರೆ. ಮಾವ ಕೆಳಗೆ ನಿಂತು ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ. ಅವರಿಬ್ಬರನ್ನು ಹಾಗೆ ಕಂಡಾಗಲೆಲ್ಲ ನನಗೆ ಹೊಟ್ಟೆಯೊಳಗೆ ತಂಪಾಗುತ್ತದೆ.

ಇದನ್ನು ಬರೆಯುತ್ತಿದ್ದಂತೆ ಮಾವನದೇ ಫೋನು.

"ನಿಮ್ಮತ್ತೆ ಗೇರ್ ಆಕೋದೂ ಕಲ್ತ್‌ಬುಟ್ಟವ್ಳೆ ಕಣ್ಲಾ. ಈ ಅಬ್ಬಕ್ಕೆ ಗಾಡಿ ಅವಳೇ ಓಡುಸ್ಲಿ. ನಾನ್ ಮುಂದೆ ದಾರಿ ಬಿಡುಸ್ಕಂಡು ನಡೀತೀನಿ."