ಸೊನ್ನೆ ಬಂದರಷ್ಟೇ ನಂಬಿಕೆ

ಸಿ.ಎಸ್. ಪುರದ ಪಕ್ಕದ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷಿಸುವ ಸಿದ್ದಲಕ್ಷ್ಮಮ್ಮ ಈ ಭೂಮಂಡಲದಲ್ಲಿ ನಂಬಿದ್ದು ಲ್ಯಾಕ್ಟೋಮೀಟರನ್ನು ಮಾತ್ರ. ಸ್ವಂತ ಅತ್ತೆ ತಂದ ಹಾಲಿಗೂ ಅದನ್ನು ಅದ್ದಿ, "ಅತ್ತೆಮ್ಮ, ನಿಮ್ಮ ಎಮ್ಮೆ ಕೆರೇಲಿ ನಿಂತ್ಕಂಡೇ ಹಾಲು ಕೊಡ್ತಾ?" ಎಂದು ಕೇಳಿದ ವೀರವನಿತೆ.

ಡೇರಿ ಸೆಕ್ರೆಟರಿ ಹುದ್ದೆ ಖಾಲಿಯಾಯಿತು. ಎಲ್ಲರೂ ಇವರೇ ಆಗಲಿ ಎಂದರು. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಇವರಿಗೆ ಗಣಿತವೊಂದು ಬಾಕಿ. ಸರಿ, ಪ್ರತಿ ಭಾನುವಾರ ಗುಬ್ಬಿ ಬಸ್ಸು ಹತ್ತಿ ಭಾನುಪ್ರಕಾಶ್ ಮೇಷ್ಟ್ರ ಟ್ಯೂಷನ್ನಿಗೆ ದಂಡಯಾತ್ರೆ ಶುರುವಾಯಿತು.

ಮೇಷ್ಟ್ರು ವರ್ಗ ಸಮೀಕರಣದ ಸೂತ್ರ ಬರೆದರು: x = (−b ± √(b² − 4ac)) / 2a. ಸಿದ್ದಲಕ್ಷ್ಮಮ್ಮ ಅದನ್ನು ತೆಳ್ಳನೆಯ ಹಾಲು ನೋಡುವಂತೆ ನೋಡಿದರು.

"ಸಾ, ಈ b ಮುಂದೆ ಮೈನಸ್ ಯಾಕೆ ಕಾವಲು ನಿಂತೈತೆ?"

"ಅದು ಸೂತ್ರ ಕಣಮ್ಮ, ನಂಬಿ."

"ಹಾಲು ತರೋರೂ ಇದೇ ಮಾತೇ ಹೇಳೋದು ಸಾ."

ಲೆಕ್ಕ ಹೀಗಿತ್ತು: x² − 5x − 14 = 0. ಮೇಷ್ಟ್ರ ಗೈಡಿನಲ್ಲಿ ಉತ್ತರ 2 ಮತ್ತು −7. ಸಿದ್ದಲಕ್ಷ್ಮಮ್ಮನಿಗೆ ಬಂದದ್ದು 7 ಮತ್ತು −2.

"ಗೈಡು ತಪ್ಪಾಗುತ್ತೇನಮ್ಮ?"

"ಅದ್ದಿ ನೋಡಾನ ಬುಡಿ." x ಇದ್ದ ಕಡೆ 2 ಹಾಕಿದರು. ನಾಲ್ಕರಲ್ಲಿ ಹತ್ತು ಕಳೆದು, ಮತ್ತೆ ಹದಿನಾಲ್ಕು ಕಳೆದರು. "ಮೈನಸ್ ಇಪ್ಪತ್ತು! ಸೊನ್ನೆ ಬರ್ಬೇಕಿತ್ತು. ನಿಮ್ಮ ಗೈಡಿಗೆ ನೀರು ಬಿದ್ದೈತೆ ಸಾ."

7 ಹಾಕಿದರು: ನಲವತ್ತೊಂಬತ್ತರಲ್ಲಿ ಮೂವತ್ತೈದು ಹೋಯಿತು, ಹದಿನಾಲ್ಕೂ ಹೋಯಿತು. ಸೊನ್ನೆ! −2 ಹಾಕಿದರೂ ಸೊನ್ನೆ. b, ಅಂದರೆ x ಜೊತೆಗಿರುವ ಅಂಕಿ, ಮೊದಲೇ −5. ಮುಂದೆ ಕಾವಲಿದ್ದ ಮೈನಸ್ ಸೇರಿದರೆ ಅದು +5 ಆಗಬೇಕು. ಗೈಡು ಬರೆದ ಮಹಾನುಭಾವ ಆ ಕಾವಲುಗಾರನನ್ನೇ ಮರೆತಿದ್ದ. ಮೇಷ್ಟ್ರು ಗೈಡನ್ನು ಮೆಲ್ಲಗೆ ಬ್ಯಾಗಿಗಿಳಿಸಿದರು.

ಪರೀಕ್ಷೆಯ ದಿನ ಸಿದ್ದಲಕ್ಷ್ಮಮ್ಮ ಪ್ರತಿ ಉತ್ತರವನ್ನೂ ಅದ್ದುತ್ತ ಕೂತರು. ಪ್ರಶ್ನೆಪತ್ರಿಕೆಯ ಅಂಚಿನ ತುಂಬ ಸೊನ್ನೆಗಳು. ಕೊಠಡಿ ಮೇಲ್ವಿಚಾರಕ ಚನ್ನವೀರಯ್ಯನವರ ಹುಬ್ಬು ಮೇಲೇರಿತು.

"ಏನಮ್ಮ ಇದು, ಯಾರಿಗೆ ಸಿಗ್ನಲ್ಲು?"

"ಸೊನ್ನೆ ಬರೋಗಂಟ ನಂಬಲ್ಲ ಸಾ."

ಅವರು ಇದನ್ನೂ ನಂಬಲಿಲ್ಲ. ಬೆನ್ನ ಹಿಂದೆಯೇ ನಿಂತರು. ಇಬ್ಬರು ಸಂಶಯ ಸಾಮ್ರಾಟರ ನಡುವೆ ಕೊನೆಯ ಲೆಕ್ಕ ಸೊನ್ನೆಯಾಗದೆ ಮೂರಕ್ಕೆ ನಿಂತಿತು. ಗಂಟೆ ಹೊಡೆಯಲು ಐದು ನಿಮಿಷ. ಸಿದ್ದಲಕ್ಷ್ಮಮ್ಮ ಮೇಲಿನಿಂದ ಹುಡುಕುತ್ತ ಬಂದರು. ಸಿಕ್ಕಿತು, ಅದೇ ಮೈನಸ್! ತಿದ್ದಿ ಮತ್ತೆ ಅದ್ದಿದರು. ಸೊನ್ನೆ. ಹಿಂದಿನಿಂದ ಚನ್ನವೀರಯ್ಯನವರ ನಿಟ್ಟುಸಿರೂ ಕೇಳಿಸಿತು.

ಪಾಸಾದರು. ಅದ್ದುವುದರಲ್ಲೇ ಹೊತ್ತು ಹೋಗಿ ಎಷ್ಟೋ ಲೆಕ್ಕ ಬಿಟ್ಟಿದ್ದರಿಂದ, ಪಾಸಾಗುವ ಗೆರೆಗಿಂತ ಎರಡೇ ಅಂಕ ಮೇಲೆ.

ಈಗ ಸೆಕ್ರೆಟರಿ ಕುರ್ಚಿಯಲ್ಲಿ ಅವರೇ. ಹಾಲು ಪರೀಕ್ಷೆಗೆ ಅರುಣಾ ಎಂಬ ಹೊಸ ಹುಡುಗಿ ಬಂದಿದ್ದಾಳೆ. ಅವಳು ಅದ್ದಿದ ಮೇಲೆ, ಇವರೂ ಎದ್ದು ಬಂದು ಒಮ್ಮೆ ಅದ್ದುತ್ತಾರೆ.