ಇಂಟರ್‌ವಲ್ಲಿಗೆ ಮೊದಲು ಸಾಯುವವನು

ಮಳವಳ್ಳಿಯಲ್ಲಿ ಭಾವನಿಗೆ ಮದ್ದೂರಿನ ಬಸ್ಸು ತಪ್ಪಬಹುದಿತ್ತು. ಸಿಕ್ಕಿದರೂ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿಕೊಂಡು ಅರ್ಧ ದಿನ ನಿಲ್ಲಬೇಕಾಗಬಹುದಿತ್ತು. ಥಿಯೇಟರಿನ ಮೆಟ್ಟಿಲ ಮೇಲೆ ಭಾವನ ಮಂಡಿ ಹಿಡಿದುಕೊಳ್ಳಬಹುದಿತ್ತು. ಪರದೆಯ ಮೇಲೆ ಬಾಂಬು ಸಿಡಿದಾಗ ಹಳೆಯದೇನೋ ನೆನಪಾಗಿ ಅವರು ಎದ್ದು ಹೊರಗೆ ನಡೆಯಬಹುದಿತ್ತು. ಸನ್ಮಾನ ಮಾಡುತ್ತೇವೆಂದ ಯುವಕ ಸಂಘದವರು ಮರೆತೇಬಿಡಬಹುದಿತ್ತು. ಮರೆಯದೆ ಮೈಕು ಕೊಟ್ಟರೆ ಭಾವ ಅನ್ನಿಸಿದ್ದನ್ನೆಲ್ಲ ಅಂದುಬಿಡಬಹುದಿತ್ತು. ಕರೆಂಟು ಹೋಗಬಹುದಿತ್ತು. ಬಿಪಿ ಮಾತ್ರೆ ಮನೆಯಲ್ಲೇ ಉಳಿಯಬಹುದಿತ್ತು, ಅವರದಲ್ಲ, ನನ್ನದು. ಹಿಂದಿನ ದಿನವೆಲ್ಲ ಮಂಡ್ಯದ ಮನೆಯಲ್ಲಿ ಕೂತು ಇಷ್ಟನ್ನೂ ನಾನು ಒಂದೊಂದಾಗಿ ಅನುಭವಿಸಿ ಮುಗಿಸಿದ್ದೆ. ಯಾವುದೂ ಆಗಲಿಲ್ಲ.

ಭಾವ ಅಂದರೆ ನನ್ನಕ್ಕನ ಗಂಡ, ಹಲಗೂರಿನ ಕಡೆಯವರು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ಸುಬೇದಾರರಾಗಿ ನಿವೃತ್ತರಾದವರು. ಒಮ್ಮೆ ಮೂವತ್ತು ಚಿಲ್ಲರೆ ಜನರ ತುಕಡಿಯನ್ನು ಹಿಮದ ಬೆಟ್ಟಕ್ಕೆ ಹತ್ತಿಸಿ, ಅಷ್ಟೂ ಜನರನ್ನು ಜೀವಸಹಿತ ಇಳಿಸಿಕೊಂಡು ಬಂದವರು. ಆದರೆ ಆಳು ಗಿಡ್ಡ, ಬಣ್ಣ ಕಡುಕಪ್ಪು. ಸಂಬಂಧ ನೋಡುವಾಗ ನಮ್ಮ ಮನೆಯ ಹೆಂಗಸರು ‘ಬಣ್ಣ ಒಂದ್ ಬುಟ್ರೆ ಗಂಡು ಚಿನ್ನ’ ಅಂದಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಊರಿನಲ್ಲಿ ಅವರನ್ನು ಕಂಡವರು ಕೇಳುವುದು ಕ್ಯಾಂಟೀನಿನ ರಮ್ಮು ಬಂತೇ ಎಂದು. ಒಂದು ಮದುವೆಯ ಪಂಕ್ತಿಯಲ್ಲಿ ನೆಂಟನೊಬ್ಬ, ‘ಮಿಲ್ಟ್ರೀಲಿ ಅಡ್ಗೆ ಕೆಲ್ಸವಾ ಅಣ್ಣ?’ ಅಂದ.

‘ಅಡ್ಗೆಯವ್ನಿಗೂ ಗುಂಡು ಬೀಳ್ತದೆ ಕಣಪ್ಪ. ಸಾರಾಕಿಸ್ಕೊ,’ ಅಂದರು ಭಾವ.

ನನಗೆ ಎಲೆಯ ಮುಂದಿನಿಂದ ಏಳುವಷ್ಟು ಸಿಟ್ಟು ಬಂತು. ಏಳಲಿಲ್ಲ. ಪಾಯಸ ಇನ್ನೂ ಬಂದಿರಲಿಲ್ಲ.

ಅಕ್ಕನದು ಒಂದೇ ಆಸೆ. ‘ಒಂದ್ಸಲನಾರ ನಾಕ್ ಜನದ ಮುಂದೆ ಕರ್ದು ಒಂದು ಆರ ಆಕ್ಲಿ ಕಣ್ಲಾ. ಅದರ ಪೋಟೋ ತಕ್ಕಂಡು ಬಾ, ಗೋಡೆಗಾಕ್ತೀನಿ.’ ಮದ್ದೂರಿನ ಥಿಯೇಟರಿಗೆ ಯುದ್ಧದ ಸಿನಿಮಾವೊಂದು ಕನ್ನಡಕ್ಕೆ ಡಬ್ ಆಗಿ ಬಂದಾಗ, ಸಂಘದವರು ಮಾಜಿ ಸೈನಿಕರನ್ನು ಉಚಿತವಾಗಿ ಕೂರಿಸಿ, ಆಟ ಮುಗಿದ ಮೇಲೆ ಸನ್ಮಾನಿಸುತ್ತೇವೆಂದು ಪ್ರಕಟಿಸಿದ್ದರು. ಭಾವನ ವಿವರ ಕೊಟ್ಟವನು ನಾನೇ. ಅವರು ಪಂಚೆ ಉಟ್ಟು ಬಂದರು. ಪದಕಗಳು ಟ್ರಂಕಿನಲ್ಲೇ ಉಳಿದವು. ನಾನು ಮಾತ್ರ ಫೋಟೋದ ಒಂದು ಮೂಲೆಯಲ್ಲಾದರೂ ಇರುತ್ತೇನಲ್ಲ ಎಂದು ಮೀಸೆಗೆ ಬಣ್ಣ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದೆ.

ಸಿನಿಮಾದ ನಾಯಕ ಮೇಜರು. ಹಾಲಿನ ಬಣ್ಣ, ಆರಡಿ, ಹಿಮದಲ್ಲೂ ಕೆದರದ ಕ್ರಾಪು. ಅವನ ಕೆಳಗೆ ಒಬ್ಬ ಗಡ್ಡದವನು, ಸದಾ ನಗುವುದಕ್ಕೆ. ಒಬ್ಬ ಗುಡ್ಡಗಾಡಿನವನು, ಮಾತಾಡದೆ ಮೇಜರನ ಹಿಂದೆ ನಿಲ್ಲುವುದಕ್ಕೆ. ಇನ್ನೊಬ್ಬ ದಕ್ಷಿಣದವನು, ಅಂದರೆ ನಾವು. ಎಣ್ಣೆ ಸುರಿಯುವ ತಲೆ, ಇದ್ದಿಲ ಮುಖ, ಕೈಯಲ್ಲಿ ಸೌಟು. ದೆವ್ವಕ್ಕೆ ಹೆದರುತ್ತಾನೆ. ಮೇಜರ್ ಕೊಟ್ಟ ನಕ್ಷೆಯನ್ನು ತಲೆಕೆಳಗಾಗಿ ಹಿಡಿಯುತ್ತಾನೆ. ಬೆಟ್ಟ ಹತ್ತುವ ದಾರಿ ಮೇಜರಿಗೆ ಮಾತ್ರ ಹೊಳೆಯುತ್ತದೆ. ಉಳಿದವರಿಗೆ ಹೊಳೆಯುವುದು ಸಾಯುವುದೊಂದೇ.

ಇಷ್ಟನ್ನು ನುಂಗಬಹುದಿತ್ತು. ಆದರೆ ಡಬ್ಬಿಂಗಿನವರು ಏನು ಮಾಡಿದ್ದರು ಗೊತ್ತೆ? ಮೇಜರನ ಬಾಯಿಗೆ ಪುಸ್ತಕದ ಕನ್ನಡ ಕೊಟ್ಟು, ಈ ಸೌಟಿನವನ ಬಾಯಿಗೆ ನಮ್ಮ ಮಂಡ್ಯದ ಮಾತು ಕೊಟ್ಟಿದ್ದರು. ಬೆಂಗಳೂರಿನ ಯಾವುದೋ ಸ್ಟುಡಿಯೋದಲ್ಲಿ ಕೂತು, ಪೆದ್ದನಿಗೆ ಯಾವ ಭಾಷೆ ಹೊಂದುತ್ತದೆಂದು ಯೋಚಿಸಿ, ನಮ್ಮನ್ನು ಆರಿಸಿದ್ದರು. ಅವನು ‘ಅಯ್ಯೋ ಬುಡಿ ಸಾಮಿ, ನಾ ಓಗಕಿಲ್ಲ’ ಅಂದಾಗ ಮದ್ದೂರಿನ ಥಿಯೇಟರಿಗೆ ಥಿಯೇಟರೇ ನಕ್ಕಿತು. ಮನೆಯಲ್ಲಿ ಹಾಗೆಯೇ ಮಾತಾಡುವ ಜನ. ನನ್ನ ಹಲ್ಲೂ ಹೊರಗೆ ಬಂದಿತ್ತು.

ಭಾವ ನಗಲಿಲ್ಲ. ಇಂಟರ್‌ವಲ್ಲಿಗೆ ಐದು ನಿಮಿಷ ಮೊದಲು ಆ ಸೌಟಿನವನು ಮೇಜರನ ತೊಡೆಯ ಮೇಲೆ ತಲೆಯಿಟ್ಟು, ‘ಊಟ ಆಯ್ತಾ ಸಾಮಿ?’ ಎಂದು ಕೇಳಿ ಸತ್ತ. ನಾನು ಹೆದರಿ ಭಾವನ ಕಡೆ ತಿರುಗಿದೆ.

‘ಇವನ್ಗೆ ಎಂಡ್ರು ಮಕ್ಳು ಇಲ್ವಾ?’ ಅಂದರು. ‘ಸಾಯೋನು ಮನೆಯೋರ ಎಸ್ರು ಏಳ್ತಾನೆ ಕಣ್ಲಾ. ಯಾವನೂ ಆಪೀಸರ ಊಟ ಕೇಳಕಿಲ್ಲ.’ ಪರದೆ ನೋಡುತ್ತಲೇ, ‘ಆ ಎಸ್ರುಗೋಳ್ನ ನಾ ಕೇಳಿವ್ನಿ,’ ಅಂದರು.

ಅಷ್ಟನ್ನೂ ಅವರು ಆ ಇಪ್ಪತ್ತೆಂಟು ವರ್ಷದ ಬಗ್ಗೆ ತಮ್ಮ ಬಾಯಿಂದ ಎಂದೂ ಹೇಳಿರಲಿಲ್ಲ. ನಾನು ಬೋಂಡ ತರುತ್ತೇನೆಂದು ಎದ್ದು ಹೋದೆ. ಸಾಲಿನಲ್ಲಿ ನಿಂತಾಗ ಮೈ ಉರಿಯುತ್ತಿತ್ತು. ಬೆಟ್ಟ ಹತ್ತಿದ ಮನುಷ್ಯನನ್ನು ಕರೆತಂದು, ಅವನಂಥವನ ಕೈಗೆ ಸೌಟು ಕೊಟ್ಟು, ಅವನೂರಿನ ಜನರನ್ನೇ ನಗಿಸಿ, ಆಮೇಲೆ ಸನ್ಮಾನವಂತೆ. ಇದನ್ನೆಲ್ಲ ಯಾರ ಮುಂದೆಯಾದರೂ ಕೂಗಬೇಕೆನ್ನಿಸಿತು. ಮುಂದೆ ಇದ್ದವನು ಚಿಲ್ಲರೆ ಕೇಳಿದ, ಕೊಟ್ಟೆ.

ಉಳಿದರ್ಧದಲ್ಲಿ ಮೇಜರ್ ಒಬ್ಬನೇ ಬೆಟ್ಟ ಗೆದ್ದ. ದೀಪ ಹತ್ತಿತು. ಜನ ಇನ್ನೂ ಶಿಳ್ಳೆ ಹೊಡೆಯುತ್ತಿದ್ದಾಗಲೇ ಸಂಘದ ಮೂವರು ಯುವಕರು ಗುಲಾಬಿ ಹಾರ, ಶಾಲು ಹಿಡಿದು ನಮ್ಮ ಸಾಲಿಗೆ ಬಂದರು. ಒಬ್ಬ ಫೋನು ಎತ್ತಿ ಹಿಡಿದ. ಮುಂದಿದ್ದವನ ಕಣ್ಣು ಭಾವನ ಮೇಲೆ ಹಾದು, ನನ್ನ ಎತ್ತರ, ನನ್ನ ಬೆಳ್ಳನೆ ಬಣ್ಣ, ನನ್ನ ಮೀಸೆಯ ಮೇಲೆ ನಿಂತಿತು. ‘ಎದ್ದೇಳಿ ಸಾರ್,’ ಅಂದ. ಎದ್ದೆ. ಹಾರ ನನ್ನ ಕೊರಳಿಗೆ ಬಿತ್ತು, ಫೋಟೋ ಆಯಿತು, ಚಪ್ಪಾಳೆಯೂ ಆಯಿತು.

‘ನಾನಲ್ಲ ಕಣ್ರಯ್ಯ, ಇವರು,’ ಎಂದೆ, ಚಪ್ಪಾಳೆ ಮುಗಿದ ಮೇಲೆ.

ಆ ಯುವಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಸರದಲ್ಲಿ ಹಾರವನ್ನು ನನ್ನ ಕೊರಳಿನಿಂದ ತೆಗೆದು ಭಾವನತ್ತ ಚಾಚಿದ.

‘ಆರ ಬದ್ಲಾಯಿಸ್ಕೊಳಕ್ಕೆ ನಮ್ಮಿಬ್ರಿಗೇನು ಮದ್ವೇನ್ಲಾ?’ ಅಂದರು ಭಾವ, ಅವನ ಬೆನ್ನು ತಟ್ಟಿ. ‘ಓಗ್ಲಿ ಬುಡು. ಇವನ್ಗೇ ಒಪ್ತದೆ.’ ಪಂಚೆ ಮೇಲಕ್ಕೆ ಕಟ್ಟಿ ಮೆಟ್ಟಿಲಿಳಿಯತೊಡಗಿದರು.

ಅಕ್ಕನಿಗೆ ಫೋನಿನಲ್ಲಿ ಎಲ್ಲ ತಪ್ಪನ್ನೂ ಆ ಯುವಕನ ತಲೆಗೇ ಕಟ್ಟಿದೆ. ಸಿನಿಮಾದವರನ್ನು ಬೈದೆ, ಡಬ್ಬಿಂಗಿನವರನ್ನು ಬೈದೆ. ಅವಳಿಗೆ ಹೇಳದೆ ಬಿಟ್ಟದ್ದು ಇಷ್ಟೇ: ಅವನು ಹಾರ ಎತ್ತುವ ಮೊದಲೇ ನಾನು ತಲೆ ಬಗ್ಗಿಸಿದ್ದೆ.